ಸ್ಟೀವ್ ಜಾಬ್ಸನ ಹಠ

ಎಲ್ಲಾರಿಗೂ ಶರಣು ಶರಣಾರ್ಥಿ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗ್ರಿಗೆ ಆಪಲ್ ಕಂಪನಿ ಕಟ್ಟಿದ ಸ್ಟೀವ್ ಜಾಬ್ಸ್ ಅಂದ್ರ ಸಾಕು, ಕುತ್ತಿಗಿ ಮುಚ್ಚೋ ಕರೀ ಟೀಶರ್ಟು, ಜೀನ್ಸ್ ಪ್ಯಾಂಟು ಕಣ್ಣಮುಂದ ಬರ್ತದ. ಹಾಕ್ಕೋರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಮೇ ತಿಂಗಳ ಕಲಬುರಗಿ ಬಿಸಲಾಗ ಆ ಅಂಗಿ ಹಾಕ್ಕೊಂಡು ಸೂಪರ್ ಮಾರ್ಕೆಟ್ ಒಂದು ಸುತ್ತು ಹೊಡದು ಬರ್ರಿ, ಆಮ್ಯಾಲ ಮಾತಾಡೋಣು.

ಆ ಅಂಗಿದೂ ಒಂದು ಕತಿ ಅದ. ಜಪಾನಿನ ಸೋನಿ ಕಂಪನ್ಯಾಗ ಎಲ್ಲಾರೂ ಯೂನಿಫಾರಂ ಹಾಕೋದು ನೋಡಿ ಬಂದು ಆಪಲ್‌ದಾಗೂ ಹಂಗೇ ಮಾಡೋಣು ಅಂದ, ಅಲ್ಲಿ ಮಂದಿ ಹೋ ಅಂತ ಕೂಗಿ ಕುಂಡ್ರಿಸಿಬಿಟ್ರು. ಅಂವ ಬಿಡ್ತಾನೇನು, ಇಸ್ಸೆ ಮಿಯಾಕೆ ಅನ್ನೋ ಡಿಸೈನರ್ ಕಡಿಂದ ತನಗೊಬ್ಬಗೇ ನೂರರ ಲೆಕ್ಕದಾಗ ಮಾಡಿಸ್ಕೊಂಡು ವರ್ಷಗಟ್ಟಲೆ ಅದನ್ನೇ ಹಾಕ್ದ.

ನನಗ ಕೇಳಿದ್ರ ಈ ಮನಷ್ಯಾನ ಎಲ್ಲಾ ಚಾಳಿಗೂ ಬೇರು ಒಂದೇ, ಹಠ. 1974ರಾಗ ಅಟಾರಿ ಅನ್ನೋ ವಿಡಿಯೋ ಗೇಮ್ ಕಂಪನ್ಯಾಗ ಕೆಲಸಕ್ಕ ಇದ್ದಾಗ, ನಾ ಬರೇ ಹಣ್ಣು ತಿಂತೀನಿ ಮೈ ನಾರಂಗಿಲ್ಲ, ದಿನಾ ಜಳಕ ಯಾಕ ಅಂತಿದ್ದ. ಬಾಜೂಕ ಕುಂತವ್ರಿಗೆ ಗೊತ್ತಿತ್ತು ಖರೇ ಏನಂತ! ಕಡೀಕ ರಾತ್ರಿ ಪಾಳಿಗೆ ಹಾಕಿದ್ರು.

ಮನ್ಯಾಗ ವಾಷಿಂಗ್ ಮೆಷಿನ್ ತರೋದಿತ್ತಂತ. ನಾವಾದ್ರ ಅಂಗಡಿಗೆ ಹೋಗ್ತೀವಿ, ಆಫರ್ ಏನದ ಕೇಳ್ತೀವಿ, ಆಟೋದಾಗ ಹಾಕ್ಕೊಂಡು ಬರ್ತೀವಿ. ಇವ್ರು ಎರಡು ವಾರ ದಿನಾ ರಾತ್ರಿ ಊಟಕ್ಕ ಕುಂತಾಗ ಅದೇ ಮಾತು, ಅಮೆರಿಕಾದ್ದು ಲಗೂನೆ ಒಗೀತದ, ಯುರೋಪಿಂದು ತಡ ಆದ್ರೂ ನೀರು ಕಮ್ಮಿ, ಅರಿವಿ ಮೆತ್ತಗ, ಭಾಳ ದಿನ ಬಾಳ್ತಾವ, ನಮಗ ಟೈಮ್ ಬೇಕೋ ಅರಿವಿ ಬೇಕೋ ಅಂತ. ಜರ್ಮನಿಯ ಮೀಲೆ ಮೆಷಿನ್ನೇ ತಂದ್ರು. ಮತ್ತ ತಾನೇ ಮಾಡಿದ ಐಪ್ಯಾಡ್ ಬಂದಾಗ ಮಕ್ಕಳ ಕೈಗೆ ಕೊಟ್ಟಿರ್ಲಿಲ್ಲ, ಅದನ್ನ ಪೇಪರಿನವ್ರಿಗೂ ಹೇಳಿದ್ದ. ಇದು ನನಗ ಸೇರ್ತದ.

ಸೇರಲಾರದ್ದೂ ಅದ. 1978ರಾಗ ಮಗಳು ಲಿಸಾ ಹುಟ್ಟಿದಾಗ ಈಕಿ ನನ್ನ ಮಗಳೇ ಅಲ್ಲ ಅಂದ, ಟೆಸ್ಟ್ ರಿಪೋರ್ಟ್ ಬಂದ್ರೂ ಒಪ್ಪಲಿಲ್ಲ, ಒಂದು ಕಂಪ್ಯೂಟರಿಗೆ ಮಾತ್ರ ಅದೇ ಲಿಸಾ ಅಂತ ಹೆಸರಿಟ್ಟ! ಕೂಸು ದತ್ತು ಹೋದ್ರ ಹೆಂಗಿರ್ತದ ಅಂತ ತಾನೇ ಉಂಡು ಗೊತ್ತಿದ್ದ ಮನಷ್ಯಾ, ಹಿಂಗ್ಯಾಕ ಮಾಡಿದ್ನೋ.

2003ರಾಗ ಹೊಟ್ಟ್ಯಾಗಿನ ಮೇದೋಜೀರಕ ಗ್ರಂಥಿ, ಅಂದ್ರ ಪ್ಯಾಂಕ್ರಿಯಾಸ್‌ದಾಗ ಗಂಟು ಸಿಕ್ತು, ಕ್ಯಾನ್ಸರ್ರೇ ಖರೆ, ಆದ್ರ ಆಪರೇಷನ್ ಮಾಡಲಿಕ್ಕೆ ಬರೋ ಜಾತಿದು. ಹೆಂಡ್ತಿ, ದೋಸ್ತರು ಎಷ್ಟು ಹೇಳಿದ್ರೂ ಕೇಳ್ಲಾರದೆ ಒಂಬತ್ತು ತಿಂಗಳು ಗಜ್ಜರಿ, ಹಣ್ಣಿನ ಜ್ಯೂಸು, ಗಿಡಮೂಲಿಕಿ ಅಂತ ಕುಂತ. 2004ರ ಜುಲೈದಾಗ ಆಪರೇಷನ್, 2009ರಾಗ ಲಿವರ್ ಬದಲಿ, 2011ರ ಅಕ್ಟೋಬರ್ 5ಕ್ಕ 56ನೇ ವಯಸ್ಸಿಗೇ ಹೋಗಿಬಿಟ್ಟ. ಬ್ಯಾಗನೇ ಮಾಡಿಸಿದ್ರ ಉಳೀತಿದ್ನೋ ಇಲ್ಲೋ ಅದು ಡಾಕ್ಟರಗೋಳಿಗೂ ಹೇಳಲಿಕ್ಕೆ ಬರಂಗಿಲ್ಲ. ಆದ್ರ ಜ್ಯೂಸ್ ಕುಡದ್ರ ಕ್ಯಾನ್ಸರ್ ಹೋಗ್ತದ ಅಂತ ವಾಟ್ಸಾಪಿನಾಗ ಕಳಸೋರು ನಮ್ಮ ಕಡಿ ಭಾಳ ಮಂದಿ ಅದಾರ, ನಾಳಿ ಮುಂಜಾನಿ ಅಂಥಾದ್ದೊಂದು ಬಂದ್ರ ಫಾರ್ವರ್ಡ್ ಮಾಡೋಕಿಂತ ಮೊದ್ಲು ಅವ್ರಿಗೆ ಈ ಒಂಬತ್ತು ತಿಂಗಳ ಕತಿ ಹೇಳಿಬಿಡ್ರಿ.