ಹದಿಮೂರರ ಮಕ್ಕಳ ಕ್ಲಾಸ್ ನನಗೇ ಇರಲಿ

ಸಭಾಪಾಲಕರಿಗೆ, ಸಂಡೇ ಸ್ಕೂಲ್ ಟೀಚರ್‌ಗಳಿಗೆ, ಈ ಬೇಸಿಗೆಯಲ್ಲಿ ಮೊದಲ ಸಲ ವಿಬಿಎಸ್ (ಮಕ್ಕಳಿಗೆ ರಜೆಯಲ್ಲಿ ನಡೆಸುವ ಬೈಬಲ್ ಶಾಲೆ) ಸೇವೆಗೆ ಬರುತ್ತಿರುವ ಅಣ್ಣ-ಅಕ್ಕಂದಿರಿಗೆ ಕರ್ತನ ನಾಮದಲ್ಲಿ ವಂದನೆಗಳು.

ಯಾವ ಕ್ಲಾಸ್ ತೆಗೆದುಕೊಳ್ಳುತ್ತೀರಿ ಅಂತ ಕೇಳಿದರೆ ಎಲ್ಲರೂ ಬಿಗಿನರ್ಸ್ ಅನ್ನುತ್ತಾರೆ. ಪುಟ್ಟ ಮಕ್ಕಳು ಹೇಳಿದ ಹಾಗೆ ಹಾಡುತ್ತಾರೆ, ಬಣ್ಣ ಹಚ್ಚುತ್ತಾರೆ, ಮಡಿಲಲ್ಲೇ ನಿದ್ದೆ ಹೋಗುತ್ತಾರೆ. 12ರಿಂದ 15 ವರ್ಷದವರ ಇಂಟರ್ಮೀಡಿಯೆಟ್ ಕ್ಲಾಸ್ ಮಾತ್ರ ಯಾರಿಗೂ ಬೇಡ. ನನಗೆ ಅದೇ ಬೇಕು. ಯಾಕೆ ಅಂತ ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ಈ ಮಕ್ಕಳಿಗೆ ಸಭೆಯಲ್ಲಿ ಜಾಗವೇ ಇರುವುದಿಲ್ಲ. ಆಕ್ಷನ್ ಸಾಂಗ್‌ಗೆ ಕೈಯೆತ್ತಲು ನಾಚಿಕೆ. ಯೌವನಸ್ಥರ ಕೂಟಕ್ಕೆ ಹೋದರೆ ದೊಡ್ಡವರು ಮಾತಾಡಿಸುವುದಿಲ್ಲ. ಅಷ್ಟರಲ್ಲಿ ಭಾನುವಾರ ಬೆಳಿಗ್ಗೆಯೂ ಟ್ಯೂಷನ್ ಶುರುವಾಗುತ್ತದೆ, ಎಸ್ಸೆಸ್ಸೆಲ್ಸಿ ಮುಗಿಯಲಿ ಆಮೇಲೆ ಬರಲಿ ಬಿಡಿ ಅಂತ ಮನೆಯವರೇ ಹೇಳುತ್ತಾರೆ, ಅದು ಮುಗಿಯುವ ಹೊತ್ತಿಗೆ ಚರ್ಚಿಗೆ ಬರುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಈ ನಡುವಿನ ವರ್ಷಗಳಲ್ಲಿ ಅವರ ಜೊತೆ ಇರುವ ಭಾಗ್ಯ ಎಂಥದ್ದು ಅಂತ ಕೂತು ನೋಡಿದವರಿಗೇ ಗೊತ್ತು.

ಕಂಠಪಾಠ ಮಾಡದೆ ಬಂದ ಮಕ್ಕಳು ಯಾವ ವಚನ ಹೇಳುತ್ತಾರೆ, ನಿಮಗೆಲ್ಲ ಗೊತ್ತು ಅಲ್ವಾ? ಬೈಬಲ್‌ನ ಯೋಹಾನ 11:35. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಬದುಕಿಸುವ ಮೊದಲು ಯೇಸು ಕಣ್ಣೀರು ಬಿಟ್ಟದ್ದು. ತೀರಾ ಚಿಕ್ಕ ವಚನ, ಕಲಿಯುವ ಕಷ್ಟವೇ ಇಲ್ಲ. ನಮ್ಮ ಕ್ಲಾಸಿನ ಒಬ್ಬ ಹುಡುಗ ಯಾವಾಗಲೂ ಅದನ್ನೇ ಹೇಳಿ ಕೂತುಬಿಡುತ್ತಿದ್ದ. ಅವನ ಅಜ್ಜಿ ತೀರಿಕೊಂಡ ಮೇಲೆ ಒಂದು ಭಾನುವಾರ ಕ್ಲಾಸ್ ಮುಗಿದರೂ ಹೋಗಲಿಲ್ಲ. ಹಾಲ್‌ನಲ್ಲಿ ಬೇರೆಯವರು ಚಾಪೆ ಸುತ್ತುತ್ತಿದ್ದರು, ಇವನೂ ಒಂದು ಚಾಪೆ ಹಿಡಿದು ನಿಂತಿದ್ದ. "ಅಕ್ಕ, ಹೇಗೂ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿತ್ತಲ್ಲ, ಮತ್ತೆ ಯೇಸುಸ್ವಾಮಿ ಯಾಕೆ ಅತ್ತರು?" ಅಂದ. ಸ್ವಲ್ಪ ತಡೆದು, "ಲಾಜರ ಆಮೇಲೆ ಮತ್ತೆ ಸತ್ತನಾ? ಎರಡನೇ ಸಲ ಅವನಿಗೆ ಭಯ ಆಯ್ತಾ?" ಅಂದ.

ಲಾಜರನ ಎರಡನೇ ಸಾವಿನ ಬಗ್ಗೆ ಸತ್ಯವೇದದಲ್ಲಿ ಏನೂ ಬರೆದಿಲ್ಲ. ಅದನ್ನೇ ಹೇಳಿದೆ. ಇಬ್ಬರೂ ಕೂತು ಯೋಹಾನನ 12ನೇ ಅಧ್ಯಾಯ ಓದಿದೆವು. ಅಲ್ಲಿ ಲಾಜರ ಯೇಸುಸ್ವಾಮಿಯ ಜೊತೆ ಊಟಕ್ಕೆ ಕೂತಿದ್ದಾನೆ, ಜನ ಅವನನ್ನೂ ನೋಡಲು ಬರುತ್ತಾರೆ, ಮುಖ್ಯಯಾಜಕರು ಅವನನ್ನೂ ಕೊಲ್ಲಬೇಕು ಅಂತ ಆಲೋಚನೆ ಮಾಡುತ್ತಾರೆ. ಹುಡುಗ ತುಂಬಾ ಹೊತ್ತು ಆ ಪುಟ ನೋಡಿದ. "ಅಂದ್ರೆ ಅವನು ಅಡಗಿಕೊಳ್ಳಲಿಲ್ಲ. ಎಲ್ಲರ ಮುಂದೆ ಊಟಕ್ಕೆ ಕೂತ" ಅಂದ. ಈ ಮಾತು ನಾನು ಹೇಳಿಕೊಟ್ಟದ್ದಲ್ಲ. ನನಗೇ ಹೊಳೆದಿರಲಿಲ್ಲ. ಎಷ್ಟೋ ಪ್ರಸಂಗ ಕೇಳಿದ್ದೇನೆ, ಈಗಲೂ ಆ ಅಧ್ಯಾಯ ಓದುವಾಗ ನನಗೆ ಕೇಳುವುದು ಆ ಹುಡುಗನ ದನಿ.

ಯೇಸುಸ್ವಾಮಿಯ ಹುಡುಗತನದ ಒಂದೇ ಒಂದು ಘಟನೆ ಸುವಾರ್ತೆಗಳಲ್ಲಿದೆ, ಲೂಕ 2ರಲ್ಲಿ. ಆಗ ಅವರಿಗೆ 12 ವರ್ಷ. ದೇವಾಲಯದಲ್ಲಿ ಬೋಧಕರ ನಡುವೆ ಕೂತು, ಕೇಳಿಸಿಕೊಳ್ಳುತ್ತಾ ಪ್ರಶ್ನೆ ಹಾಕುತ್ತಾ ಇದ್ದರು. ನಾವು ಯಾವಾಗಲೂ ಆ ಹುಡುಗನ ಜ್ಞಾನದ ಬಗ್ಗೆಯೇ ಮಾತಾಡುತ್ತೇವೆ. ನನಗೆ ಆ ಬೋಧಕರೂ ಇಷ್ಟ. ಹೋಗು ಮನೆಗೆ ಅಂತ ಓಡಿಸಲಿಲ್ಲ, ಪಕ್ಕದಲ್ಲಿ ಜಾಗ ಕೊಟ್ಟರು. ನಮ್ಮ ಕೆಲಸವೂ ಹೆಚ್ಚಾಗಿ ಇಷ್ಟೇ.

ವಿಬಿಎಸ್ ಹುಟ್ಟಿದ್ದೂ ಹೋಗಲು ಜಾಗ ಇಲ್ಲದ ಮಕ್ಕಳಿಗಾಗಿಯೇ. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ, ಬೇಸಿಗೆಯಲ್ಲಿ ಬೀದಿ ಸುತ್ತುವ ಮಕ್ಕಳಿಗೆ ಅಂತ ಒಂದು ಬಿಯರ್ ಅಂಗಡಿಯನ್ನೇ ಬಾಡಿಗೆಗೆ ಹಿಡಿದು ಶುರು ಮಾಡಿದರು. ನಮಗೆ ಫ್ಯಾನ್ ಇರುವ ಹಾಲ್ ಇದೆ!

ಈ ವಯಸ್ಸಿನವರಿಗೆ ಕೈತುಂಬ ಕೆಲಸವೂ ಕೊಡಿ. ಹಾಡಲು ನಾಚುವ ಹುಡುಗ ಮೈಕ್ ನೋಡಿಕೊಳ್ಳಲಿ. ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗಿಯನ್ನು ಹೋದ ಸಲ ಬಿಗಿನರ್ಸ್ ಮಕ್ಕಳ ಜೊತೆ ಕೂರಿಸಿದೆವು. ಎರಡು ದಿನ ಬಿಟ್ಟು ನೋಡಿದರೆ, ಒಂದು ಮಗುವಿನ ಚಪ್ಪಲಿ ಬಕಲ್ ಹಾಕುತ್ತಾ ಜಕ್ಕಾಯನ ಕಥೆ ಹೇಳುತ್ತಿದ್ದಾಳೆ: "ಅವನು ಕುಳ್ಳ ಅಂತ ಎಲ್ಲರೂ ರೇಗಿಸುತ್ತಿದ್ದರು. ಯೇಸಪ್ಪ ಮಾತ್ರ ಹೆಸರು ಹಿಡಿದು ಕರೆದರು." ಅವಳೂ ಗಿಡ್ಡ. ಸ್ಕೂಲಲ್ಲಿ ಅವಳನ್ನು ಏನಂತ ಕರೆಯುತ್ತಾರೆ ಅಂತ ನನಗೆ ಗೊತ್ತಿತ್ತು. ಸೇವೆಯ ಸಂತೋಷ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮಕ್ಕಳು ಇಷ್ಟು ನಂಬುವಾಗ ನಾವು ಜಾಗ್ರತೆಯಿಂದ ಇರಲೇಬೇಕು. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಮಗುವಿನ ಜೊತೆ ಕೂರಬೇಡಿ, ಇನ್ನೊಬ್ಬ ಟೀಚರ್ ಕಣ್ಣಳತೆಯಲ್ಲಿರಲಿ. ರಾತ್ರಿ ವಾಟ್ಸಾಪ್ ಚಾಟ್ ಬೇಡವೇ ಬೇಡ. ಯಾವುದಾದರೂ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿಕೊಂಡರೆ ಪ್ರಾರ್ಥನೆ ಮಾಡಿ ಸುಮ್ನೆ ಇರುವಂತಿಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಲ್ಲೂ ಇರಲಿ.

ಇಂಟರ್ಮೀಡಿಯೆಟ್ ಕ್ಲಾಸಿಗೆ ಇನ್ನೂ ಇಬ್ಬರು ಟೀಚರ್ ಬೇಕು. ಬರುವವರು ಊಟಕ್ಕೆ ಮೊದಲು ನನಗೆ ಹೆಸರು ಕೊಡಿ. ಯಾವ ಮಗುವಿಗೆ ಯಾವ ಹೊತ್ತಿಗೆ ಟ್ಯೂಷನ್ ಅಂತ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಆಗದಿದ್ದರೆ ಕ್ಲಾಸ್ ಸಂಜೆ ಇಟ್ಟುಕೊಳ್ಳೋಣ.