ಸೆಮಿಸ್ಟರ್ ಶುರುವಿನ ಹುರುಪನ್ನು ಎಲ್ಲಿ ಖರ್ಚು ಮಾಡುತ್ತೀರಿ?

ಸೆಮಿಸ್ಟರ್ ಶುರುವಾಗುವ ವಾರ ಎಲ್ಲರೂ ಬೇರೆಯೇ ಮನುಷ್ಯರಾಗಿರುತ್ತಾರೆ, ಗಮನಿಸಿದ್ದೀರಾ? ಹೊಸ ನೋಟ್‌ಬುಕ್, ನಾಲ್ಕು ಬಣ್ಣದ ಹೈಲೈಟರ್, ಬೆಳಗಿನ ಜಾವ ಐದಕ್ಕೆ ಅಲಾರಂ, ಗೋಡೆಗೆ ಅಂಟಿಸಿದ ಟೈಮ್‌ಟೇಬಲ್, ಅದರಲ್ಲಿ ಊಟಕ್ಕೆ ಬರೀ ಹತ್ತು ನಿಮಿಷ. ಈ ಸಲ ನೋಡ್ತಾ ಇರಿ ಅಂತ ಸ್ನೇಹಿತರಿಗೆಲ್ಲ ಹೇಳಿಯೂ ಆಗಿರುತ್ತದೆ.

ನಾನು ಗೇಲಿ ಮಾಡುತ್ತಿಲ್ಲ. ಈ ಹುರುಪು ನಿಜವಾದದ್ದೇ. 2014ರಲ್ಲಿ ಡೈ, ಮಿಲ್ಕ್‌ಮನ್, ರೀಸ್ ಅನ್ನುವ ಮೂವರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳು ಜಿಮ್‌ಗೆ ಯಾವಾಗ ಹೋಗುತ್ತಾರೆ ಅಂತ ಲೆಕ್ಕ ತೆಗೆದು ನೋಡಿದರು. ವಾರದ ಶುರು, ತಿಂಗಳ ಶುರು, ಸೆಮಿಸ್ಟರ್ ಶುರು, ಆಗೆಲ್ಲ ಜಿಮ್‌ನಲ್ಲಿ ಜನ ಜಾಸ್ತಿ. ಆಮೇಲೆ ಕಡಿಮೆ.

ಅಂದರೆ ಹುರುಪು ಬರುವುದೂ ಗ್ಯಾರಂಟಿ, ಹೋಗುವುದೂ ಗ್ಯಾರಂಟಿ. ಹಾಗಿದ್ದಮೇಲೆ, ಅದು ಹೋದಮೇಲೂ ಕೆಲಸಕ್ಕೆ ಬರುವಂಥದ್ದನ್ನು ಅದು ಇರುವಾಗಲೇ ಮಾಡಿಟ್ಟುಕೊಳ್ಳಬೇಕು ಅಲ್ವಾ? ಐದಕ್ಕೆ ಏಳುವುದಕ್ಕೆ ದಿನಾ ಹೊಸ ಹುರುಪು ಬೇಕು. ಆದರೆ ಎಲ್ಲ ಸಬ್ಜೆಕ್ಟಿನ ಟೆಸ್ಟ್, ಅಸೈನ್‌ಮೆಂಟ್, ಪ್ರಾಜೆಕ್ಟ್ ತಾರೀಖುಗಳನ್ನು ಒಂದೇ ಕ್ಯಾಲೆಂಡರಿಗೆ ಹಾಕುವುದಕ್ಕೆ ಒಂದು ಸಂಜೆ ಸಾಕು. ಹಾಕಿ ನೋಡಿ. ಯಾವುದೋ ಒಂದು ವಾರದಲ್ಲಿ ಮೂರ್ನಾಲ್ಕು ಕೆಲಸ ಒಟ್ಟಿಗೆ ಬಂದು ಕೂತಿರುತ್ತವೆ, ಯಾಕೆಂದರೆ ಒಬ್ಬ ಮೇಷ್ಟ್ರು ಡೆಡ್‌ಲೈನ್ ಇಡುವಾಗ ಇನ್ನೊಬ್ಬರನ್ನು ಕೇಳಿ ಇಡುವುದು ಕಡಿಮೆ. ಆ ವಾರ ಮೊದಲೇ ಗೊತ್ತಾದರೆ ಒಂದು ಕೆಲಸವನ್ನಾದರೂ ಮುಂಚೆಯೇ ಮುಗಿಸಬಹುದು. ಜೊತೆಗೆ ಯಾವುದಕ್ಕೆ ಎಷ್ಟು ಅಂಕ ಅಂತಲೂ ಬರೆದುಕೊಳ್ಳಿ. ಐದು ಅಂಕದ ಅಸೈನ್‌ಮೆಂಟಿಗೆ ರಾತ್ರಿಯಿಡೀ ಬಾರ್ಡರ್ ಹಾಕಿ, ನಲವತ್ತು ಅಂಕದ ಟೆಸ್ಟಿಗೆ ಬೆಳಗ್ಗೆ ಬಸ್ಸಿನಲ್ಲಿ ಓದುವವರು ಪ್ರತಿ ಕ್ಲಾಸಲ್ಲೂ ಇರುತ್ತಾರೆ.

ಇನ್ನು, ಎಷ್ಟು ದಿನ ಬೇಕು ಅನ್ನುವ ನಿಮ್ಮ ಅಂದಾಜನ್ನು ನಂಬಬೇಡಿ. ನಿಮ್ಮದು ಅಂತಲ್ಲ, ಯಾರದ್ದನ್ನೂ. 1994ರಲ್ಲಿ ಬ್ಯೂಲರ್ ಮತ್ತು ಜೊತೆಗಾರರು ಕೊನೆ ವರ್ಷದ ವಿದ್ಯಾರ್ಥಿಗಳನ್ನು ಥೀಸಿಸ್ ಯಾವಾಗ ಮುಗಿಸುತ್ತೀರಿ ಅಂತ ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ಹಿಡಿದದ್ದು ಸುಮಾರು 55. ನನಗೆ ಮಜಾ ಅನ್ನಿಸಿದ್ದು ಇದು: ಎಲ್ಲವೂ ಕೆಟ್ಟರೆ ಎಷ್ಟು ದಿನ ಆಗಬಹುದು ಅಂತಲೂ ಅವರನ್ನು ಕೇಳಿದ್ದರು. ಆಗ ಹೇಳಿದ್ದು 49ರ ಹತ್ತಿರ. ಹೆದರಿಕೊಂಡು ಹಾಕಿದ ಲೆಕ್ಕವೂ ಸಾಲಲಿಲ್ಲ! ಹಾಗಾಗಿ ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಒಂದು ಅರ್ಧ ದಿನ ಖಾಲಿ ಬಿಡಿ. ತುಂಬಬೇಡಿ, ಅದು ತಾನೇ ತುಂಬಿಕೊಳ್ಳುತ್ತದೆ.

ಹೈಲೈಟರ್ ವಿಷಯಕ್ಕೆ ಬರೋಣ, ಅದರ ಮೇಲೆ ನನಗೆ ಸ್ವಲ್ಪ ಕೋಪ ಇದೆ. ಪುಟ ಹಳದಿಯಾದರೆ ಓದಿದ ಹಾಗೆ ಅನ್ನಿಸುತ್ತದೆ. ಅಷ್ಟೇ, ಅನ್ನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ ಪ್ರಯೋಗದಲ್ಲಿ ಕೆಲವರು ಒಂದು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಂದೇ ಸಲ ಓದಿ, ಆಮೇಲೆ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ. ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಬರೀ ಓದಿದವರಿಗೆ ಶೇ 42. ಪರೀಕ್ಷೆಯ ಹಿಂದಿನ ರಾತ್ರಿ ಓದುವುದು ಯಾಕೆ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಮುಂದಿನ ಸೆಮಿಸ್ಟರಿಗೆ ಯಾಕೆ ಏನೂ ಉಳಿದಿರುವುದಿಲ್ಲ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಮೊದಲ ದಿನದಿಂದಲೇ ಕ್ಲಾಸ್ ಮುಗಿದಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಐದು ನಿಮಿಷ ನೆನಪಿದ್ದದ್ದನ್ನು ಬರೆಯಿರಿ. ಬೇಜಾರಾಗುತ್ತದೆ, ಯಾಕೆಂದರೆ ಏನೂ ನೆನಪಿರುವುದಿಲ್ಲ. ಆದರೆ ಎಲ್ಲಿ ತಡೆಯಿತು ಅನ್ನುವುದು ಅವತ್ತೇ ತಿಳಿಯುತ್ತದೆ, ಪರೀಕ್ಷಾ ಹಾಲಿನಲ್ಲಲ್ಲ.

ಮೊದಲ ವಾರದಲ್ಲೇ ಲೆಕ್ಚರರ್ ಹತ್ತಿರ ಹೋಗಿ ಒಂದು ಡೌಟ್ ಕೇಳಿ. ಸಣ್ಣದಾದರೂ ಪರವಾಗಿಲ್ಲ. ಒಂಬತ್ತನೇ ವಾರದಲ್ಲಿ, ಏನೂ ಅರ್ಥವಾಗದೆ, ಮೊದಲ ಸಲ ಅವರ ಬಾಗಿಲು ತಟ್ಟುವುದು ತುಂಬಾ ಕಷ್ಟ.

ಮೇಷ್ಟ್ರುಗಳೂ ಇದನ್ನು ಕೇಳುತ್ತಿದ್ದರೆ ಒಂದು ಮಾತು. ಮೊದಲ ಕ್ಲಾಸಿನಲ್ಲಿ "ನನ್ನ ಸಬ್ಜೆಕ್ಟಲ್ಲಿ ಅರ್ಧ ಜನ ಫೇಲ್" ಅಂತ ಹೆದರಿಸುವುದರಿಂದ ಯಾರೂ ಜಾಸ್ತಿ ಓದುವುದಿಲ್ಲ ಸರ್. ಅದರ ಬದಲು ಎರಡನೇ ವಾರದಲ್ಲಿ ಅಂಕವೇ ಇಲ್ಲದ ಒಂದು ಸಣ್ಣ ಟೆಸ್ಟ್ ಕೊಡಿ, ಉತ್ತರ ಅವತ್ತೇ ಹೇಳಿಬಿಡಿ. ಯಾರು ಎಲ್ಲಿ ಹಿಂದೆ ಬಿದ್ದಿದ್ದಾರೆ ಅಂತ ನಿಮಗೂ ತಿಳಿಯುತ್ತದೆ, ಹುಡುಗರಿಗೂ ತಿಳಿಯುತ್ತದೆ, ಸರಿಮಾಡಿಕೊಳ್ಳುವುದಕ್ಕೆ ಆಗ ಇನ್ನೂ ಟೈಮ್ ಇರುತ್ತದೆ.