ಸೀಟು ಇರುವುದು ಹಾಸಿಗೆಯ ಪಕ್ಕದಲ್ಲಿ

ಎಲ್ಲರಿಗೂ ನಮಸ್ಕಾರ. ಇವತ್ತು ಮೇ 12, ದಾದಿಯರ ದಿನ. ಮುಂದಿನ ಸಾಲಿನಲ್ಲಿ ಸಿಇಟಿ ಬರೆದ ಮಕ್ಕಳಿದ್ದೀರಿ, ಹಿಂದೆ ಅಪ್ಪ ಅಮ್ಮಂದಿರು. ನಿಮ್ಮೆಲ್ಲರ ಪ್ರಶ್ನೆ ಒಂದೇ: ನರ್ಸುಗಳು ಸಾಲದು ಅಂತಾರೆ, ಮತ್ತೆ ಒಳ್ಳೆ ಕಡೆ ನರ್ಸಿಂಗ್ ಸೀಟಿಗೆ ಇಷ್ಟು ನೂಕುನುಗ್ಗಲು ಯಾಕೆ?

ಕೊರತೆ ಸುಳ್ಳಲ್ಲ. 30 ಹಾಸಿಗೆಯ ಒಂದು ಜನರಲ್ ವಾರ್ಡ್ ತಗೊಳ್ಳಿ. 6 ರೋಗಿಗಳಿಗೆ ಒಬ್ಬ ನರ್ಸ್ ಅಂದರೆ ಪಾಳಿಗೆ 5 ಜನ, ಮೂರು ಪಾಳಿಗೆ 15. ರಜೆ, ಕಾಯಿಲೆ, ಬಾಣಂತನ ಅಂತ ಶೇ 30 ಸೇರಿಸಿದರೆ ಸುಮಾರು 20. ರಾತ್ರಿ ಹನ್ನೊಂದಕ್ಕೆ ಅಂಥ ವಾರ್ಡಿಗೆ ಹೋಗಿ ಎಣಿಸಿ ನೋಡಿ, ಎಷ್ಟೋ ಕಡೆ ಇಬ್ಬರಿದ್ದರೆ ಹೆಚ್ಚು.

ಹಾಗಾದರೆ ಸೀಟು ಜಾಸ್ತಿ ಮಾಡಿದರಾಯ್ತಲ್ಲ? 2023ರ ಕೇಂದ್ರ ಬಜೆಟ್‌ನಲ್ಲಿ 157 ಹೊಸ ನರ್ಸಿಂಗ್ ಕಾಲೇಜು ಘೋಷಿಸಿದರು, ಅದೂ ಮೆಡಿಕಲ್ ಕಾಲೇಜುಗಳ ಜೊತೆಯಲ್ಲೇ. ಆ 'ಜೊತೆಯಲ್ಲೇ' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಟ್ಟಡ, ಬೆಂಚು, ಪ್ರೊಜೆಕ್ಟರ್ ದುಡ್ಡಿದ್ದರೆ ಬರುತ್ತವೆ. ರೋಗಿಗಳು ಬರಬೇಕಲ್ಲ! ಒಬ್ಬ ವಿದ್ಯಾರ್ಥಿನಿಗೆ 3 ರೋಗಿಗಳು ಇರಬೇಕು ಅನ್ನುತ್ತದೆ ನರ್ಸಿಂಗ್ ಕೌನ್ಸಿಲ್ ಅನುಪಾತ. 100 ಹಾಸಿಗೆಯ ಆಸ್ಪತ್ರೆಯಲ್ಲಿ 75 ತುಂಬಿವೆ ಅಂದುಕೊಳ್ಳಿ. ಒಂದು ಸಲಕ್ಕೆ 25 ಮಕ್ಕಳು ಕಲಿಯಬಹುದು. 60 ಮಕ್ಕಳ ತರಗತಿ ಒಟ್ಟಿಗೆ ವಾರ್ಡಿನಲ್ಲಿ ಕಲಿಯುವ ಪೋಸ್ಟಿಂಗ್‌ಗೆ ಹೊರಟರೆ 180 ರೋಗಿಗಳು ಬೇಕು.

ಒಂದು ಡ್ರಿಪ್ ಉದಾಹರಣೆ ಕೊಡ್ತೀನಿ, ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 500 ಮಿ.ಲೀ. ಸಲೈನು 4 ಗಂಟೆಯಲ್ಲಿ ಹೋಗಬೇಕು. ಡ್ರಿಪ್ಪಿನ ಕೊಳವೆ, ಅಂದರೆ ಸೆಟ್ಟು, 1 ಮಿ.ಲೀ.ಗೆ 20 ಹನಿಯದು. ಒಟ್ಟು 10,000 ಹನಿ, 240 ನಿಮಿಷ, ನಿಮಿಷಕ್ಕೆ 42. ಲೆಕ್ಕ ಬೋರ್ಡಿನ ಮೇಲೆ ಎರಡೇ ಸಾಲು. ಈಗ ವಾರ್ಡಿಗೆ ಬನ್ನಿ. ಹುಡುಗಿ ಗಡಿಯಾರವನ್ನು ಹನಿ ಬೀಳುವ ಚೇಂಬರಿನ ಪಕ್ಕ ಹಿಡಿದು, ಇನ್ನೊಂದು ಕೈಯಲ್ಲಿ ಹನಿಯ ವೇಗ ಹೆಚ್ಚಿಸುವ, ತಗ್ಗಿಸುವ ರೋಲರ್ ತಿರುಗಿಸುತ್ತಾ ಎಣಿಸಿ 42ಕ್ಕೆ ನಿಲ್ಲಿಸಿದಳು. ಅತ್ತ ತಿರುಗುವಷ್ಟರಲ್ಲಿ ಅಜ್ಜ ಮೊಣಕೈ ಮಡಚಿದರು, ಹನಿ ನಿಂತಿತು. ಕೈ ನೇರ ಮಾಡಿಸಿದಳು, ಆದರೂ ಹನಿ ಬೀಳುತ್ತಿಲ್ಲ. ಸೂಜಿ ಚುಚ್ಚಿದ ಜಾಗ ಊದಿದೆಯಾ, ತಣ್ಣಗಿದೆಯಾ ಅಂತ ಮುಟ್ಟಿ ನೋಡಬೇಕು. ಊದಿದ್ದರೆ ನೀರು ರಕ್ತನಾಳ ಬಿಟ್ಟು ಚರ್ಮದಡಿ ಹೋಗುತ್ತಿದೆ. ರೋಲರ್ ಜಾಸ್ತಿ ತಿರುಗಿಸಿದಷ್ಟೂ ಅಪಾಯ, ಡ್ರಿಪ್ ನಿಲ್ಲಿಸಿ ಕ್ಯಾನುಲಾ, ಅಂದರೆ ರಕ್ತನಾಳದಲ್ಲಿರುವ ಸಣ್ಣ ಕೊಳವೆ, ತೆಗೆಯಬೇಕು. ಒಂದು ಹಾಸಿಗೆಯ ಸುತ್ತ ಎಂಟು ಮಕ್ಕಳು ನಿಂತರೆ ಇದನ್ನು ಬೆರಳಿನಲ್ಲಿ ಕಲಿಯುವವಳು ಒಬ್ಬಳು. ಉಳಿದ ಏಳು ಮಂದಿ ಅವಳ ಬೆನ್ನು ನೋಡಿ ರೆಕಾರ್ಡ್ ಪುಸ್ತಕ ತುಂಬಿಸುತ್ತಾರೆ.

ಅದಕ್ಕೇ ಮತ್ತೆ ಹೇಳ್ತೀನಿ, ಸೀಟು ಇರುವುದು ಹಾಸಿಗೆಯ ಪಕ್ಕದಲ್ಲಿ. ಬೆಂಗಳೂರು ಕೋಟೆಯ ಸರ್ಕಾರಿ ನರ್ಸಿಂಗ್ ಕಾಲೇಜು, ನಿಮ್ಹಾನ್ಸ್, ಸೇಂಟ್ ಜಾನ್ಸ್ ಅಂತ ನೀವೆಲ್ಲ ಮುಗಿಬೀಳುವುದು ರೋಗಿಗಳು ಅಲ್ಲಿರುವುದಕ್ಕೆ.

ಈಗ ಆಪ್ಷನ್ ಎಂಟ್ರಿ, ಅಂದರೆ ಸೀಟು ಹಂಚಿಕೆಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಕೊಡುವುದು. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. 'ನನ್ನ ರ‍್ಯಾಂಕಿಗೆ ಅದು ಸಿಗಲ್ಲ' ಅಂತ ಬೇಕಾದ ಕಾಲೇಜನ್ನು ಕೆಳಗೆ ಹಾಕುತ್ತೀರಿ. ಕಂಪ್ಯೂಟರು ಮೇಲಿನಿಂದ ನೋಡುತ್ತಾ ಬಂದು ಮೊದಲು ಸಿಕ್ಕಿದ್ದರಲ್ಲೇ ನಿಲ್ಲುತ್ತದೆ. ಅದರ ಕೆಳಗಿನವು ಅಲ್ಲಿಗೆ ಮುಗಿದವು. ಬೇಕಾದದ್ದು ಮೇಲೇ ಇರಲಿ, ಸಿಗದಿದ್ದರೆ ನಷ್ಟವೇನಿಲ್ಲ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 2 ಒತ್ತಿದರೆ ಈ ಸೀಟು ಕೈಯಲ್ಲಿರುತ್ತದೆ, ಮುಂದಿನ ಸುತ್ತಿಗೂ ಹೋಗಬಹುದು. ಆದರೆ ಅಲ್ಲಿ ಮೇಲಿನದು ಸಿಕ್ಕಿತೋ, ಹಳೆಯದು ತಾನಾಗಿಯೇ ಹೋಯಿತು. ಹಾಗಾಗಿ ಎರಡನೇ ಸುತ್ತಿಗೆ ಮುಂಚೆ ಪಟ್ಟಿಯಲ್ಲಿ ನಿಜಕ್ಕೂ ಬೇಕಾದವನ್ನಷ್ಟೇ ಉಳಿಸಿ.

ಚೀಟಿ ಬಂತು, ಐದು ನಿಮಿಷವಂತೆ. ಸರಿ, ಬೇಗ ಬೇಗ ಹೇಳ್ತೀನಿ. ಜಾತಿ ಪ್ರಮಾಣಪತ್ರದ ಹೆಸರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಒಂದೇ ಇದೆಯಾ ಇವತ್ತೇ ನೋಡಿ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ರವರೆಗಿನ ವ್ಯಾಸಂಗ ಪತ್ರ ಬೇಕು. ಮೂಲ ಅಂಕಪಟ್ಟಿಯನ್ನು ಯಾವ ಏಜೆಂಟರ ಕೈಗೂ ಕೊಡಬೇಡಿ. ಪಿಯುಸಿಯಲ್ಲಿ ವಿಜ್ಞಾನ ಇಲ್ಲದವರಿಗೆ 3 ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಇದೆ, ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಸಂಬಳದ ಮಾತು ಇನ್ನೊಂದು ದಿನಕ್ಕಿರಲಿ.

ಕಾಲೇಜು ನೋಡಲು ಹೋದಾಗ ಕೇಳಬೇಕಾದ್ದು ಇಷ್ಟು: ಈ ವರ್ಷ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಎಷ್ಟು ಸೀಟಿಗಿದೆ? ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಎಷ್ಟು ಹೊತ್ತು? ಆಮೇಲೆ ಆ ಆಸ್ಪತ್ರೆಗೇ ಹೋಗಿ, ಭೇಟಿಯ ಸಮಯದಲ್ಲಿ ಒಂದು ವಾರ್ಡ್ ನೋಡಿ, ತುಂಬಿದ ಹಾಸಿಗೆ ಎಣಿಸಿ. ಆಪ್ಷನ್ ಪಟ್ಟಿ ತಂದಿರುವವರು ಹೊರಗೆ ಕಾಫಿ ಮೇಜಿನ ಹತ್ತಿರ ಬನ್ನಿ, ಕೂತು ಒಂದೊಂದಾಗಿ ನೋಡೋಣ.